ಬಂದರಿನ ಬಾಯಲ್ಲಿ ನಿಂತ ಉದ್ದಕಿವಿಯವರ ಕುರಿತು

ಪ್ಯಾರಿಸ್ಸಿನಿಂದ ಬಂದು ನಮ್ಮ ಬ್ರೆಟನ್ ಕರಾವಳಿಯ ಉಪ್ಪುಗಾಳಿಯನ್ನು ನಮಗೋಸ್ಕರ ಸಹಿಸುತ್ತಿರುವ, ಪೋರ್-ಕೆರ್ವಿಲಿ ಬಂದರಿನ ನಿರ್ದೇಶಕರಾದ ಶ್ರೀ ತಿಬೋ ದೆಲಾರ್ನ್ ಅವರಿಗೆ ದ್ವೀಪದ ಬೆಸ್ತರ ಮನೆಯ ಸೊಸೆ ಅಜೆನೋರಳ ತಲೆಬಾಗಿದ ನಮಸ್ಕಾರಗಳು.

ಮಾನ್ಯರೇ, ಹಾಯಿದೋಣಿಯಲ್ಲಿ ಬರುವ ಪ್ರವಾಸಿಗರು ನಗುನಗುತ್ತಾ ಒಳಬರಲೆಂದು ತಾವು ಬಂದರಿನ ತುದಿಗೋಡೆಯ ಮೇಲೆ ನಾವಿಕನ ಟೋಪಿ ತೊಟ್ಟು ಕೈಬೀಸುವ ಪ್ರಾಣಿಯೊಂದನ್ನು ಮನೆಯೆತ್ತರಕ್ಕೆ ಬರೆಸಿದ್ದೀರಿ. ಈ ಪತ್ರವನ್ನು ದೋಣಿಯಲ್ಲೇ ಕೂತು ಬರೆಯುತ್ತಿರುವುದರಿಂದ ಅದರ ಹೆಸರು ಬರೆಯುವಂತಿಲ್ಲ. ಉದ್ದ ಕಿವಿ, ಮೋಟು ಬಾಲ, ಕ್ಯಾರೆಟ್ ಎಂದರೆ ಪ್ರಾಣ; ಇಷ್ಟು ಹೇಳಿದರೆ ತಮಗೆ ತಿಳಿದೀತು. ಹಿಂದೆ ಊಟಕ್ಕೆಂದು ಹಡಗೇರಿಸಿದ ಅವು ಹಗ್ಗ ಕಡಿದು ಎಷ್ಟೋ ಹಡಗುಗಳನ್ನು ಮುಳುಗಿಸಿದವೆಂದು ನಮ್ಮವರು ಇಂದಿಗೂ ನೀರಿನ ಮೇಲೆ ಅವುಗಳ ಹೆಸರೆತ್ತುವುದಿಲ್ಲ, ಚಿತ್ರ ಕಂಡರೂ ಅಪಶಕುನವೆನ್ನುತ್ತಾರೆ. ಯಾವ ಮೀನುಗಾರನನ್ನು ಕೇಳಿದ್ದರೂ ಹೇಳುತ್ತಿದ್ದ; ಆದರೆ ತಮಗೆ ಮೀನಿನ ವಾಸನೆ ಆಗದೆಂಬುದನ್ನು ನಾವು ಬಲ್ಲೆವು.

ನನ್ನ ಮಾವ ಗುಲ್ವೆನ್ ಹುಟ್ಟಿದ್ದು ಆ ಬಂದರಿನಲ್ಲೇ. ಇದೇ ಕೊನೆಯ ಬೇಸಿಗೆ ಎಂದು ವೈದ್ಯರು ಹೇಳಿದ ಮೇಲೆ ಅವರು ಕೇಳಿದ್ದು ಒಂದೇ, ಹಾಯಿ ಬಿಚ್ಚಿಕೊಂಡು ಹೋಗಿ ಅಕ್ಕ ಮಾರಿವೊನ್‌ರನ್ನು ನೋಡಬೇಕೆಂದು. ಅಕ್ಕ ಬೆಣ್ಣೆ ಕೇಕು ಹಿಡಿದು ಕಟ್ಟೆಯ ಮೇಲೆ ನಿಂತಿದ್ದರು. ಅಷ್ಟರಲ್ಲಿ ಮಾವನ ಕಣ್ಣಿಗೆ ತಾವು ಬರೆಸಿದ ಕಲಾಕೃತಿ ಬಿತ್ತು.

“ತಿರುಗ್ಸಮ್ಮ ದೋಣಿ,” ಎಂದರು. “ಸಮುದ್ರ ಇಷ್ಟು ವರ್ಷ ನನ್ನ ಜೀವಂತ ಬಿಟ್ಟಿದೆ. ಬಾಗಿಲಿಗೆ ಬಂದು ನಿನ್ನನ್ನೂ ಮುಳುಗಿಸ್ಲಾ?” ಪಕ್ಕದೂರಲ್ಲಿ ಇಳಿದು ಬಸ್ಸು ಹಿಡಿಯೋಣವೆಂದೆ. “ಬಸ್ಸಲ್ಲಿ ಹೋದ್ರೆ ಆಗ್ಲೇ ಸತ್ತು ಬಂದಿದಾನೆ ಅಂದ್ಕೋತಾಳೆ ಅಕ್ಕ,” ಎಂದರು. ಒಂದು ತಾಸು ಆ ಗೋಡೆಗೆ ಹಾಯಿಬಟ್ಟೆ ಹೊದಿಸಿ ಎಂದು ರೇಡಿಯೋದಲ್ಲಿ ತಮ್ಮನ್ನು ಬೇಡಿಕೊಂಡೆ. “ಅದು ಬರೀ ಚಿತ್ರ ಕಣ್ರೀ ಮೇಡಂ, ಕಚ್ಚಲ್ಲ,” ಎಂದು ತಾವು ಅಪ್ಪಣೆ ಕೊಡಿಸಿದಿರಿ. ನಾವು ತಿರುಗಿದೆವು. ಮಾವ ದಡಕ್ಕೆ ಬೆನ್ನು ಮಾಡಿ ಅತ್ತರು. ಮನೆಗೂ ಒಲ್ಲೆ ಎಂದು ಅವರು ಹಟ ಹಿಡಿದದ್ದರಿಂದ ಭೂಶಿರದ ಮರೆಯಲ್ಲಿ ಲಂಗರು ಹಾಕಿದ್ದೇವೆ. ತಮ್ಮ ಮೇಲೆ ನನಗೆ ಬಂದಿರುವ ಸಿಟ್ಟನ್ನು ಮರ್ಯಾದೆಯ ಭಾಷೆಯಲ್ಲಿ ಬರೆಯುವುದು ಕಷ್ಟ.

ಆದ್ದರಿಂದ ವಿನಂತಿ ಏನೆಂದರೆ, ಇದೇ ಉತ್ಸಾಹದಲ್ಲಿ ತಾವು ಆಸ್ಪತ್ರೆಯ ಬಾಗಿಲಿಗೆ ಶವಪೆಟ್ಟಿಗೆಯ ಚಿತ್ರವನ್ನೂ ಬರೆಸಿ ಅದಕ್ಕೂ ಟೋಪಿ ತೊಡಿಸಬೇಕು; ಇಲ್ಲವೇ ಸಮುದ್ರವನ್ನೇ ಸ್ವಲ್ಪ ತಮ್ಮ ಕಚೇರಿಯ ಹಿಂಬಾಗಿಲಿಗೆ ಸರಿಸಿಕೊಟ್ಟರೆ ನಾವು ಆ ಕಡೆಯಿಂದ ಬರುತ್ತೇವೆ. ತಾವು ಹಿಡಿದದ್ದಕ್ಕೆ ಮೂರೇ ಕಾಲು ಎಂದು ಸಾಧಿಸುವಿರೆಂದೂ ಬಲ್ಲೆ. ನಮ್ಮ ತಕರಾರು ಕಾಲಿನದಲ್ಲ, ಕಿವಿಯದು.

ಇಂತಿ, ಇನ್ನೂ ಮುಳುಗದಿರುವ ತಮ್ಮ ವಿಶ್ವಾಸಿ,
ಅಜೆನೋರ್ ಲೆ ಗೊಫಿಕ್

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ದಡದಿಂದ ಸುದ್ದಿ ಬಂತು. ಮಾರಿವೊನಜ್ಜಿ ಏಣಿ ಹತ್ತಿ ಎರಡೂ ಕಿವಿಗಳ ಮೇಲರ್ಧಕ್ಕೆ ಸುಣ್ಣ ಬಳಿದು ಮೋಟು ಮಾಡಿದರಂತೆ. ತಡೆಯಲು ಬಂದ ತಮ್ಮ ಕಾವಲುಗಾರನಿಗೆ, “ಏಣಿ ಗಟ್ಟಿಯಾಗಿ ಹಿಡ್ಕೊಳ್ಳೋ, ನನ್ ತಮ್ಮ ಬರ್ತಾನೆ,” ಎಂದರಂತೆ. ಈಗ ಅದು ಬೆಕ್ಕು. ಬೆಕ್ಕಿಗೆ ನಮ್ಮ ತಕರಾರಿಲ್ಲ. ಮಾವ ಕೋಟು ತೊಟ್ಟು ಕೂತಿದ್ದಾರೆ, ನೀರೇರುತ್ತಿದ್ದಂತೆ ಹೊರಡುತ್ತೇವೆ. ತಾವು ಸ್ವಾಗತಕ್ಕೆ ಬರುವುದು ಬೇಡ. ಬರಲೇಬೇಕೆಂದಿದ್ದರೆ ಕಿವಿ ಮುಚ್ಚಿಕೊಂಡು ಬನ್ನಿ.