ಬಲಗಡೆ ನೋಡಿ, ಬಲಗಡೆ!

ಎಲ್ಲಕ್ಕೂ ಕಾರಣ ಒಂದು ಹಸಿರು ಟೊಪ್ಪಿ. ಸ್ಪೀಟ್ಸ್ ನಿಲ್ದಾಣದಲ್ಲಿ, ಕಾಣಿಸಬಾರದ ಬೋಗಿಯ ಕಿಟಕಿಯಲ್ಲಿ ಅದು ಕಾಣಿಸಿತು. ಗೊಟ್ಲೀಬ್ ಸ್ಟುಕ್ಕಿ ಅತ್ತ ಓಡಿದ.

ಗೊಟ್ಲೀಬ್ ತೂನ್ ಪಟ್ಟಣದ ಮೇಲಿನ ಗುಡ್ಡದ ಹಳ್ಳಿಯಲ್ಲಿ ಶಾಲೆಯ ಜವಾನ. ಹಳ್ಳಿಯ ಹಾಡಿನ ಸಂಘದಲ್ಲಿ ದಪ್ಪ ದನಿಯ ಹಾಡುಗಾರ. ಅದಕ್ಕಿಂತ ಮುಖ್ಯವಾಗಿ, ಆ ಸಂಘದ ಪ್ರವಾಸದ ಮುಖಂಡ. ಬೇಸಿಗೆಯಲ್ಲಿ ಒಂದು ದಿನ ಸಂಘದವರು ಗುಟ್ಟಿನ ಪ್ರವಾಸ ಹೊರಡುತ್ತಾರೆ. ಎಲ್ಲಿಗೆ ಎಂಬುದು ಮುಖಂಡನೊಬ್ಬನಿಗೇ ಗೊತ್ತು. ಉಳಿದವರು ಸಂಘದ ಹಸಿರು ಟೊಪ್ಪಿ ಹಾಕಿಕೊಂಡು ಬಂದು ನಿಲ್ಲಬೇಕು, ಹತ್ತಿ ಅಂದಾಗ ಹತ್ತಬೇಕು, ಇಳಿಯಿರಿ ಅಂದಾಗ ಇಳಿಯಬೇಕು. ಎಲ್ಲಿಗೆ ಎಂದು ಕೇಳುವುದು ಕೆಟ್ಟ ನಡತೆ. ಹೇಳಿಬಿಡುವುದು ಅದಕ್ಕಿಂತ ಕೆಟ್ಟದ್ದು.

ಗೊಟ್ಲೀಬ್‌ಗೆ ಹೆಂಡತಿ ಮಕ್ಕಳಿಲ್ಲ, ರೈಲಿನ ವೇಳಾಪಟ್ಟಿ ಇದೆ. ಯಾವ ರೈಲಿನಿಂದ ಇಳಿದು ಯಾವ ರೈಲು ಹಿಡಿದರೆ ಯಾವ ಕಮರಿ, ಯಾವ ಸೇತುವೆ, ಯಾವ ಹಿಮಶಿಖರ ಕಣ್ಣಿಗೆ ಬೀಳುತ್ತದೆ ಎಂದು ಚಳಿಗಾಲವಿಡೀ ಒಲೆಯ ಪಕ್ಕ ಕುಳಿತು, ಮೊಮ್ಮಗುವಿನ ಫೋಟೋ ನೋಡುವ ಅಜ್ಜಿಯ ಹಾಗೆ ಅದನ್ನು ತಿರುವಿ ತಿರುವಿ ನೋಡುತ್ತಾನೆ. ಆ ಒಂದು ದಿನಕ್ಕಾಗಿಯೇ ಅವನ ವರ್ಷ ಓಡುವುದು.

ಆದರೆ ಹೋದ ವರ್ಷ ಅನಾಹುತವಾಗಿತ್ತು. ಎಲ್ಲರನ್ನೂ ಎಡಗಡೆ ಕೂರಿಸಿದ್ದ, ನೋಟವೆಲ್ಲ ಬಲಗಡೆ ಇತ್ತು. ಇಡೀ ಸಂಘ ಒದ್ದೆ ಬಂಡೆ ನೋಡಿಕೊಂಡು ಹೋಗಿ, ಅದೇ ಬಂಡೆ ನೋಡಿಕೊಂಡು ವಾಪಸು ಬಂದಿತ್ತು. "ಕಲ್ಲು ನೋಡೋಕೆ ನಮ್ಮ ಕೊಟ್ಟಿಗೆ ಗೋಡೆ ಸಾಲ್ದಾಗಿತ್ತಾ?" ಎಂದು ಮಾಂಸದ ಅಂಗಡಿಯ ಹೌಸಿ ಸಭೆಯಲ್ಲಿ ಎದ್ದು ನಿಂತು ಕೇಳಿದ್ದ. ಕೊನೆಗೆ ತೀರ್ಮಾನವಾಯಿತು: ಗೊಟ್ಲೀಬ್‌ಗೆ ಇನ್ನೊಂದೇ ಅವಕಾಶ. ಪ್ರವಾಸದ ದಿನ ಸಂಜೆಯೇ ಕೈ ಎತ್ತಿ ಮತ ಹಾಕುವುದು. ಅವನು ಸೋತರೆ ಮುಂದೆ ಹೌಸಿಯೇ ಮುಖಂಡ. ಹೌಸಿಯ ಪ್ರವಾಸ ಎಂಥದ್ದೆಂದು ಎಲ್ಲರಿಗೂ ಗೊತ್ತಿತ್ತು. ಎಲ್ಲಾದರೂ ಒಂದು ಹೋಟೆಲು, ಉದ್ದನೆಯ ಮೇಜು, ಹೊತ್ತು ಮುಳುಗುವ ತನಕ ಸಾಸೇಜು.

ಅದಕ್ಕೇ ಈ ಸಲ ಗೊಟ್ಲೀಬ್ ಇಪ್ಪತ್ತಮೂರು ಸೀಟನ್ನೂ ಬಲಗಡೆಯೇ ಕಾದಿರಿಸಿದ್ದ. ಸ್ಪೀಟ್ಸ್‌ನಲ್ಲಿ ರೈಲು ಎರಡು ಹೋಳಾಗುತ್ತದೆ. ಒಂದು ಹೋಳು ಬೆಟ್ಟ ಹತ್ತಿ ಬ್ರಿಗ್ ಕಡೆಗೆ, ಇನ್ನೊಂದು ಸಿಮ್ಮೆ ಕಣಿವೆಯೊಳಕ್ಕೆ. ಅದು ಅಲ್ಲಿನ ಕರುಗಳಿಗೂ ಗೊತ್ತು. ಸಂಘದ ಸೀಟು ಬ್ರಿಗ್ ಹೋಳಿನಲ್ಲಿ. ಆದರೂ ಯಾರಾದರೂ ತಪ್ಪಿ ಸಿಮ್ಮೆಯ ಹೋಳಿನಲ್ಲಿ ಉಳಿದಿದ್ದರೆ? ಗೊಟ್ಲೀಬ್ ಪ್ಲಾಟ್‌ಫಾರ್ಮಿಗೆ ಇಳಿದು ಕಿಟಕಿ ಕಿಟಕಿ ಇಣುಕುತ್ತ ನಡೆದ. ಕಡೆಯ ಕಿಟಕಿಯಲ್ಲಿ ಹಸಿರು ಟೊಪ್ಪಿ ಮುಖದ ಮೇಲೆ ಜಾರಿಸಿಕೊಂಡು ಒಬ್ಬ ಗೊರಕೆ ಹೊಡೆಯುತ್ತಿದ್ದ. ಆಲ್ಫ್ರೆಡ್! ಸಂಘದಲ್ಲೇ ಎಲ್ಲರಿಗಿಂತ ಹಿರಿಯ, ಕಿವಿಯೂ ಮಂದ. ಗೊಟ್ಲೀಬ್ ಒಳಕ್ಕೆ ಹಾರಿದ.

"ಏಳು ಆಲ್ಫ್ರೆಡ್, ಏಳು! ತಪ್ಪು ಬೋಗಿ!"

ಟೊಪ್ಪಿಯ ಕೆಳಗಿನಿಂದ ಗುರುತಿಲ್ಲದ ಒಂದು ಮೀಸೆ ಹೊರಗೆ ಬಂತು. "ಯಾರಯ್ಯಾ ನೀನು?"

"ನೀವು... ಹಾಡಿನ ಸಂಘದವರಲ್ವಾ?"

"ನಾನು ದನದ ವ್ಯಾಪಾರಿ. ಯಾವ ಸಂಘಕ್ಕೂ ಸೇರಿಲ್ಲ, ಸೇರೋದೂ ಇಲ್ಲ. ಚಂದಾ ಕೇಳೋಕೆ ಬಂದಿದ್ರೆ ನಡಿ ಆಚೆ."

ಆಚೆ ನಡೆಯಲು ಬಾಗಿಲಿರಲಿಲ್ಲ. ಅದು ಆಗಲೇ ಮುಚ್ಚಿಕೊಂಡಿತ್ತು. ಗೊಟ್ಲೀಬ್ ಗಾಜಿಗೆ ಮೂಗು ಒತ್ತಿಕೊಂಡು ನಿಂತ. ಅವನ ಕಣ್ಣೆದುರೇ ಇನ್ನೊಂದು ಹೋಳು ಸರಿಯುತ್ತ ದೂರವಾಯಿತು. ಅದರ ಬಲಗಡೆಯ ಕಿಟಕಿಗಳಲ್ಲಿ ಇಪ್ಪತ್ತೆರಡು ಹಸಿರು ಟೊಪ್ಪಿ, ಇಪ್ಪತ್ತೆರಡು ತೆರೆದ ಬಾಯಿ. ಆಲ್ಫ್ರೆಡ್ ಒಬ್ಬ ಮಾತ್ರ ನಗುತ್ತ ಕೈಬೀಸಿದ.

ತಕ್ಷಣ ಫೋನು ಹೊಡೆದುಕೊಂಡಿತು. ಸಂಘದ ಅಧ್ಯಕ್ಷೆ ಎಲ್ಸ್‌ಬೆತ್. ಊರಿನ ಅರ್ಧ ಜನರನ್ನು ಹೆರಿಗೆ ಮಾಡಿಸಿ ಭೂಮಿಗೆ ಇಳಿಸಿದ ಸೂಲಗಿತ್ತಿ. ಅವಳ ದನಿಗೆ ಫೋನಿನ ಅಗತ್ಯವೇ ಇರಲಿಲ್ಲ.

"ಲೋ ಗೊಟ್ಲೀಬ್! ಅಲ್ಲೇನ್ ಮಾಡ್ತಿದೀಯೋ?"

"ಎಲ್ಸ್‌ಬೆತ್, ಟಿಕೆಟ್ ನನ್ನ ಜೇಬಲ್ಲಿದೆ! ಅಷ್ಟೂ ಜನರದ್ದೂ!"

"ಟಿಕೆಟ್ ಮನೆ ಹಾಳಾಗ್ಲಿ. ನಾವು ಹೋಗ್ತಿರೋದೆಲ್ಲಿಗೆ, ಅದನ್ನ ಹೇಳು!"

ಗೊಟ್ಲೀಬ್ ಬಾಯಿ ತೆರೆದ. ಅತ್ತ ಕಡೆಯಿಂದ ಇಡೀ ಬೋಗಿ ಒಂದೇ ಶ್ರುತಿಯಲ್ಲಿ ಕಿರುಚಿತು: "ಹೇಳ್ಬೇಡ! ಹೇಳ್ಬೇಡ!" ಹೋಗುವ ಊರಿನ ಹೆಸರು ಮೊದಲೇ ಊಹಿಸಿ ಚೀಟಿ ಬರೆದು ಹಾಕಿದ್ದರು. ಸರಿಯಾಗಿ ಊಹಿಸಿದವರಿಗೆ ಹೊಗೆಯಲ್ಲಿ ಒಣಗಿಸಿದ ಒಂದು ಇಡೀ ಹಂದಿತೊಡೆ ಬಹುಮಾನ. ಅದನ್ನು ಬಿಡಲು ಯಾರೂ ತಯಾರಿರಲಿಲ್ಲ.

"ಸರಿ, ಹೇಳಲ್ಲ," ಎಂದ ಗೊಟ್ಲೀಬ್, ಬೆವರು ಒರೆಸಿಕೊಳ್ಳುತ್ತ. "ಆದ್ರೆ ನಾನು ಹೇಳಿದ ಹಾಗೆ ಕೇಳಿ. ಹತ್ತು ಅಂದ್ರೆ ಹತ್ತಿ, ಇಳಿ ಅಂದ್ರೆ ಇಳೀರಿ. ಬೋರ್ಡ್ ಮಾತ್ರ ಓದ್ಬೇಡಿ. ಫೋನಲ್ಲೇ ಕರ್ಕೊಂಡು ಹೋಗ್ತೀನಿ."

ಫೋನು ಇಡುವಷ್ಟರಲ್ಲಿ ಟಿಕೆಟ್ ನೋಡುವವನು ಬಂದ. ಗೊಟ್ಲೀಬ್ ಕೊಟ್ಟ ಕಾಗದವನ್ನು ಎರಡು ಸಲ ಓದಿದ.

"ಯಜಮಾನ್ರೇ, ಇದ್ರಲ್ಲಿ ಇಪ್ಪತ್ತಮೂರು ಜನ ಅಂತಿದೆ."

"ಹೌದು."

"ನೀವೊಬ್ರೇ ಇದೀರಿ."

"ಹೌದು."

"ಇದು ಈ ದಾರಿದಲ್ಲ."

"ಅದೂ ಹೌದು."

"ಮಿಕ್ಕವರು?"

"ಆ ಕಣಿವೇಲಿದಾರೆ."

"ಅವ್ರ ಹತ್ರ ಟಿಕೆಟ್?"

"ಈ ಕಣಿವೇಲಿದೆ."

ಟಿಕೆಟಿನವನು, ಜ್ವರ ಬಂದವನ ಮುಖ ನೋಡುವ ಹಾಗೆ ನೋಡಿ, ಕಾಗದ ಮಡಿಸಿ ಅವನ ಕೈಯಲ್ಲಿಟ್ಟು, ಮುಂದೆ ನಡೆದ.

ಮೊದಲ ನಿಲ್ದಾಣದಲ್ಲಿ ಗೊಟ್ಲೀಬ್ ಕೆಳಗೆ ಹಾರಿದ. ಹಿಂದೆಯೇ ದನದ ವ್ಯಾಪಾರಿಯೂ ಇಳಿದ. ಅದು ಅವನೂರು.

"ನಿನ್ನ ಕತೆ ಕೇಳಿಸ್ಕೊಂಡೆ ಕಣಯ್ಯಾ," ಎಂದು ಹೆಗಲ ಮೇಲೆ ಕೈ ಹಾಕಿದ. "ನನ್ನ ಟೊಪ್ಪಿಯಿಂದ ಹೀಗಾಯ್ತಲ್ಲ, ಮನಸ್ಸಿಗೆ ಕಷ್ಟವಾಗುತ್ತೆ. ಬಾ, ಒಂದು ಕಾಫಿ ಕುಡಿ."

"ವಾಪಸ್ ಹೋಗೋ ರೈಲು ಬಂದ್ಬಿಡುತ್ತೆ."

"ಬರುತ್ತೆ, ಬರುತ್ತೆ. ಈ ಕಣಿವೇಲಿ ರೈಲಿಗೂ ನಮ್ಮಷ್ಟೇ ತಾಳ್ಮೆ."

ರೈಲಿಗೆ ಅಂಥ ತಾಳ್ಮೆ ಇರಲಿಲ್ಲ. ಕಾಫಿಗೆ ವ್ಯಾಪಾರಿ ಚೆರಿ ಹಣ್ಣಿನ ಸಾರಾಯಿ ಬೆರೆಸುತ್ತಿದ್ದಾಗಲೇ ಅದು ಬಂತು, ನಿಂತಿತು, ಹೋಯಿತು. ಗೊಟ್ಲೀಬ್ ಕೈಯಲ್ಲಿ ಲೋಟ ಹಿಡಿದುಕೊಂಡೇ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿದ. ಜೀವಮಾನದಲ್ಲಿ ಅವನು ಒಂದು ರೈಲನ್ನೂ ತಪ್ಪಿಸಿಕೊಂಡವನಲ್ಲ. ಸಾವಿನ ಮನೆಯಲ್ಲಿ ನಿಂತವನ ಹಾಗೆ ಟೊಪ್ಪಿ ತೆಗೆದು ಎದೆಗೆ ಹಿಡಿದುಕೊಂಡ.

ಮುಂದಿನ ರೈಲಿನಲ್ಲಿ ಸ್ಪೀಟ್ಸ್‌ಗೆ ಬರುವ ಹೊತ್ತಿಗೆ ಸಂಘ ಅವನಿಗಿಂತ ಬಹಳ ಮುಂದೆ ಹೋಗಿರಬೇಕಿತ್ತು. ಬೆನ್ನಟ್ಟಿ ಹಿಡಿಯಲು ಉಳಿದಿದ್ದು ಒಂದೇ ದಾರಿ: ಬೆಟ್ಟದ ಬುಡದಲ್ಲೇ ತೂರಿಹೋಗುವ ವೇಗದ ರೈಲು. ಹೊಳೆ, ಜಲಪಾತ, ಸೇತುವೆಗಳನ್ನೆಲ್ಲ ತೋರಿಸಲೆಂದು ಚಳಿಗಾಲವಿಡೀ ಕೂತು ದಾರಿ ಹೊಂದಿಸಿದವನು ಈಗ ಕತ್ತಲೆಯ ಸುರಂಗದಲ್ಲಿ ಕೂತ. ಕಿಟಕಿಯಲ್ಲಿ ಅವನ ಮುಖ ಬಿಟ್ಟರೆ ಏನೂ ಇರಲಿಲ್ಲ. ಅದೂ ನೋಡುವಂತಿರಲಿಲ್ಲ.

ಗಡಿಯಾರ ನೋಡಿದ. ಅವನ ಲೆಕ್ಕದಲ್ಲಿ ಸಂಘದವರು ಬ್ರಿಗ್ ದಾಟಿ, ಬೇರೆ ರೈಲು ಹಿಡಿದು, ಎತ್ತರದ ಕಮರಿಯ ಅಂಚಿನಲ್ಲಿರಬೇಕು. ಫೋನು ಮಾಡಿದ.

"ಎಲ್ಸ್‌ಬೆತ್, ನಾನು ಹೇಳಿದ ಕೆಂಪು ರೈಲು ಹತ್ತಿದ್ರಾ?"

"ನಮ್ಮ ಚಿಂತೆ ಬಿಡು ಗೊಟ್ಲೀಬ್. ಎಲ್ರೂ ಒಳ್ಳೇ ಜಾಗ ಹಿಡಿದು ಕೂತಿದೀವಿ."

"ಬೋರ್ಡ್ ಓದಿಲ್ಲ ತಾನೇ?"

"ಒಂದೂ ಕಣ್ಣಿಗೇ ಬಿದ್ದಿಲ್ಲ, ಆಣೆ!"

"ಹಾಗಾದ್ರೆ ಈಗ ನೋಡಿ! ಬಲಗಡೆ ನೋಡಿ, ಬಲಗಡೆ!" ಎಂದು ಗೊಟ್ಲೀಬ್ ಉದ್ವೇಗ ತಡೆಯಲಾರದೆ ಎದ್ದು ನಿಂತು ಕೂಗಿದ. ಅವನ ಬೋಗಿಯಲ್ಲಿದ್ದವರೆಲ್ಲ ಪತ್ರಿಕೆ ಕೆಳಗಿಟ್ಟು ಒಟ್ಟಿಗೆ ಬಲಕ್ಕೆ ತಿರುಗಿದರು. ಸುರಂಗದ ಕರಿಗೋಡೆ ಸರಸರ ಓಡುತ್ತಿತ್ತು. "ಕೆಳಗೆ ಪಾತಾಳದಲ್ಲಿ ಹೊಳೆ! ಹಾಲು ಚೆಲ್ಲಿದ ಹಾಗೆ ಬೆಳ್ಳಗೆ! ಮೇಲೆ ಬಂಡೆಗೆ ಅಂಟಿಕೊಂಡ ಹಳ್ಳಿ, ಅದರ ಚರ್ಚಿನ ಗೋಪುರ! ಕಾಣ್ತಾ?"

"ಅಯ್ಯೋ ದೇವರೇ, ಎಂಥಾ ಚೆಂದ!" ಎಂದಳು ಎಲ್ಸ್‌ಬೆತ್. ಹಿಂದಿನಿಂದ ಹಲವು ದನಿ "ಆಹಾ" ಅಂದಿತು. ಆಮೇಲೆ ಗುಡುಗುಡು ಎಂದು ಏನೋ ಉರುಳಿದ ಸದ್ದು.

"ಅದೇನದು?"

"ಅದು... ಸೇತುವೆ ಕಣೋ. ಸೇತುವೆ ಮೇಲೆ ಹೋಗ್ತಿದೀವಿ."

ಗೊಟ್ಲೀಬ್‌ನ ಕಣ್ಣು ತುಂಬಿ ಬಂತು. ಎದುರು ಸೀಟಿನ ಮುದುಕಿ ಇನ್ನೂ ಕರಿಗೋಡೆಯನ್ನೇ ದಿಟ್ಟಿಸುತ್ತಿದ್ದಳು. "ನನಗೊಂದು ಹೊಳೇನೂ ಕಾಣಲಿಲ್ಲಪ್ಪ," ಎಂದು ಪಕ್ಕದವಳ ಕಿವಿಯಲ್ಲಿ ಹೇಳಿ ಕನ್ನಡಕ ಒರೆಸಿಕೊಂಡಳು.

ಸುರಂಗ ಮುಗಿದ ಮೇಲೆ ಅವನೂ ಕೆಂಪು ರೈಲು ಹಿಡಿದ. ಒಂದೊಂದು ತಿರುವಿಗೂ ಒಂದೊಂದು ಫೋನು. ನುಣ್ಣಗೆ ಸವೆದ ಬಂಡೆಯ ನಡುವೆ ನುಗ್ಗುವ ನೀರನ್ನು ಬಣ್ಣಿಸಿದ, ಕಪ್ಪು ಮರದ ಕಣಜಗಳನ್ನು ಬಣ್ಣಿಸಿದ. ಬಣ್ಣಿಸುವ ಗಡಿಬಿಡಿಯಲ್ಲಿ ತಾನು ಒಂದನ್ನೂ ನೋಡಲಿಲ್ಲ. ಝೆರ್ಮಾಟ್‌ನಲ್ಲಿ ಬೆಟ್ಟ ಏರುವ ಹಲ್ಲುಗಾಲಿಯ ರೈಲು ಹತ್ತುವಾಗ ಹೌಸಿಯೇ ಫೋನು ಎತ್ತಿಕೊಂಡ.

"ಗೊಟ್ಲೀಬ್, ಒಪ್ಪಿಕೊಂಡೆ ಮಾರಾಯ. ನನ್ನ ಜನ್ಮದಲ್ಲಿ ಇಂಥ ಪ್ರವಾಸ ನೋಡಿಲ್ಲ."

"ಇನ್ನೂ ಮುಗಿದಿಲ್ಲ ಹೌಸಿ! ಕಡೇ ನಿಲ್ದಾಣದಲ್ಲಿ ಇಳಿದು ಹೊರಗಿನ ದೊಡ್ಡ ಜಗಲಿಯಲ್ಲಿ ಕೂತಿರಿ. ಬರ್ತಾ ಇದೀನಿ."

"ನಾವು ಜಗಲಿ ಮೇಲೇ ಇದೀವಿ. ಬಿಸಿಲು, ಗಾಳಿ, ಎದುರಿಗೆ ಬೆಟ್ಟ. ಸ್ವರ್ಗ!"

ಕಡೆಯ ನಿಲ್ದಾಣವಾದ ಗೋರ್ನರ್‌ಗ್ರಾಟ್ ಬೆಟ್ಟದ ತುದಿಯಲ್ಲಿ ಗೊಟ್ಲೀಬ್ ಹೆಚ್ಚುಕಡಿಮೆ ಹಾರುತ್ತಲೇ ಇಳಿದ. ಕೆಳಗೆ ಹಿಮನದಿ ಹಾಸಿಕೊಂಡಿತ್ತು, ಬಲಗಡೆ ಮ್ಯಾಟರ್‌ಹಾರ್ನ್ ಶಿಖರ ಒಂದು ಚೂರೂ ಮೋಡವಿಲ್ಲದೆ ನಿಂತಿತ್ತು. ಅವನು ಅದರ ಕಡೆ ತಿರುಗಿಯೂ ನೋಡದೆ ಟೊಪ್ಪಿ ಹುಡುಕಿದ. ಕೆಂಪು ಟೊಪ್ಪಿ ಇತ್ತು, ಹಳದಿ ಇತ್ತು, ಬಿಸಿಲಿಗೆ ಕರವಸ್ತ್ರ ಕಟ್ಟಿಕೊಂಡ ಬೋಳುತಲೆ ಇತ್ತು. ಹಸಿರು ಒಂದೂ ಇರಲಿಲ್ಲ. ಹೋಟೆಲಿನ ಒಳಗೆ ಹೋದ, ಹಿಂದೆ ಹೋದ, ಹೆಂಗಸರ ಪಾಯಿಖಾನೆಯ ಬಾಗಿಲ ಬಳಿ ನಿಂತು "ಎಲ್ಸ್‌ಬೆತ್!" ಎಂದು ಕೂಗಿ ಬೈಸಿಕೊಂಡ. ಮತ್ತೆ ಫೋನು ಮಾಡಿದ.

"ಎಲ್ಲಿದೀರಾ?"

"ಜಗಲಿ ಮೇಲೆ."

"ಎಲ್ಸ್‌ಬೆತ್... ನಾನೂ ಜಗಲಿ ಮೇಲಿದೀನಿ."

ಎಲ್ಸ್‌ಬೆತ್ ಮೆಲ್ಲಗೆ ಕೇಳಿದಳು: "ನಿಂದು ಯಾವ ಜಗಲಿ?"

"ನಿಮ್ಮದು ಯಾವುದು? ಎದುರಿಗಿರೋ ಬೆಟ್ಟ ಯಾವುದು?"

"ಅದನ್ನ ನೀನೇ ಹೇಳ್ಬೇಕಪ್ಪ. ಗುಟ್ಟು ನಿಂದು."

ಆಗ ಮತ್ತೆ ಗುಡುಗುಡು ಸದ್ದು, ಹಿಂದೆಯೇ ಮರದ ಗೂಟಗಳು ಉರುಳಿದ ಸದ್ದು, ಅದರ ಹಿಂದೆ ಕಿವುಡ ಆಲ್ಫ್ರೆಡ್‌ನ ಕೂಗು: "ಒಂಬತ್ತಕ್ಕೆ ಒಂಬತ್ತೂ ಬಿತ್ತು! ಒಂಬತ್ತೂ!"

ಗೊಟ್ಲೀಬ್ ನೆಲದ ಮೇಲೆ ಹಾಗೆಯೇ ಕೂತುಬಿಟ್ಟ. ಪ್ರವಾಸಿಗರು ಮ್ಯಾಟರ್‌ಹಾರ್ನ್ ಬಿಟ್ಟು ಅವನ ಫೋಟೋ ತೆಗೆದುಕೊಂಡರು.

ಸಂಘ ಬ್ರಿಗ್‌ಗೆ ಹೋಗಿರಲೇ ಇಲ್ಲ. ಟಿಕೆಟ್ ಇಲ್ಲವೆಂದು ಫ್ರುಟಿಗೆನ್‌ನಲ್ಲೇ ಇಳಿಸಿದ್ದರು. ಸ್ಪೀಟ್ಸ್ ಬಿಟ್ಟು ಕೂತ ಸೀಟೂ ಇನ್ನೂ ಬೆಚ್ಚಗಾಗಿರಲಿಲ್ಲ. ನಿಲ್ದಾಣದ ಎದುರೇ ಹೋಟೆಲು, ಅದಕ್ಕೊಂದು ಜಗಲಿ, ಜಗಲಿಗೆ ಅಂಟಿಕೊಂಡು ಗುಂಡು ಉರುಳಿಸಿ ಗೂಟ ಬೀಳಿಸುವ ಆಟದ ಕೋಣೆ. ಬೆಳಗಿನ ತಿಂಡಿಯಿಂದ ಸಂಜೆಯ ತನಕ ಇಪ್ಪತ್ತೆರಡು ಜನ ಅಲ್ಲೇ ಇದ್ದರು.

ಸಂಜೆಯ ಬಿಸಿಲಲ್ಲಿ ಗೊಟ್ಲೀಬ್ ಫ್ರುಟಿಗೆನ್‌ನಲ್ಲಿ ಇಳಿದಾಗ ಎಲ್ಲರೂ ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ ನಿಂತಿದ್ದರು. ಆಲ್ಫ್ರೆಡ್‌ನ ಕಂಕುಳಲ್ಲಿ ಹಂದಿತೊಡೆ. ಎಲ್ಲಿಗೆಂದು ಊಹಿಸಿ ಅವನು ಚೀಟಿಯಲ್ಲಿ ಬರೆದದ್ದು ಫ್ರುಟಿಗೆನ್ ಎಂದೇ.

"ಹೇಳ್ಬಹುದಾಗಿತ್ತಲ್ಲ..." ಎಂದ ಗೊಟ್ಲೀಬ್.

"ಹೇಗೆ ಹೇಳ್ಲೋ?" ಎಂದಳು ಎಲ್ಸ್‌ಬೆತ್. "ಹಾಲು ಚೆಲ್ಲಿದ ಹಾಗೆ ಹೊಳೆ ಅಂತಿದ್ದೆ. ನಿನ್ನ ದನಿ ಕೇಳಿದ್ರೆ ಕರುಳು ಕಿವುಚಿದ ಹಾಗಾಗ್ತಿತ್ತು. ಸುಮ್ನೆ ಅಹುದಹುದು ಅಂದ್ವಿ. ಆಮೇಲಾಮೇಲೆ ಕೇಳೋಕೇ ಚೆನ್ನಾಗಿತ್ತು. ಆಟ ನಿಲ್ಲಿಸಿ ಫೋನಿನ ಸುತ್ತ ಕೂತ್ಕೋತಿದ್ವಿ."

ಗೊಟ್ಲೀಬ್ ತಲೆ ತಗ್ಗಿಸಿದ. "ಮತ ಹಾಕೋದೇನೂ ಬೇಡ. ಹೌಸಿನೇ ಮಾಡ್ಲಿ ಬಿಡಿ."

"ಮತ ಆಗ್ಲೇ ಆಯ್ತು. ಇಪ್ಪತ್ತೆರಡು ಕೈಯೂ ನಿನಗೇ. ಹೌಸಿ ಎರಡು ಕೈ ಎತ್ತಿದ, ಒಂದೇ ಎಣಿಸಿದ್ದೀನಿ. ಇನ್ನು ಮೇಲೆ ಶಾಶ್ವತವಾಗಿ ನೀನೇ ಮುಖಂಡ."

ಗೊಟ್ಲೀಬ್ ನಂಬಲಾರದೆ ಒಂದೊಂದೇ ಮುಖ ನೋಡಿದ. ಎಲ್ಲರೂ ನಗುತ್ತಿದ್ದರು. ಅವನ ಎದೆ ಹಿಗ್ಗಿ ಬಂತು. "ಹಾಗಾದ್ರೆ ಮುಂದಿನ ವರ್ಷ... ಸರೋವರದ ದಂಡೆ ಹಿಡಿದು, ದ್ರಾಕ್ಷಿ ತೋಟದ ನಡುವೆ—"

"ಎಲ್ಲಿಗಾದ್ರೂ ಹೋಗು," ಎಂದು ಹೌಸಿ ಅವನ ಬೆನ್ನು ತಟ್ಟಿದ. "ಇದೇ ಹೋಟೆಲಲ್ಲಿ ಜಗಲಿ ಕಾದಿರಿಸಿ ಆಯ್ತು. ಸಾಸೇಜು ನಂದು. ಹನ್ನೊಂದಕ್ಕೆ ನಾವು ಕೂತಿರ್ತೀವಿ, ನೀನು ಫೋನ್ ಶುರು ಮಾಡು. ಆದ್ರೆ ದೂರದ ದಾರಿ ಹಿಡಿ ಮಾರಾಯ, ಇವತ್ತು ಊಟ ಮುಗಿಯೋಕೆ ಮುಂಚೆ ಬೆಟ್ಟ ಮುಗಿದೋಯ್ತು."

ರೈಲು ಬಂದು ನಿಂತಿತು, ಸಂಘದವರು ಹಾಡುತ್ತ ಒಬ್ಬೊಬ್ಬರಾಗಿ ಹತ್ತಿಕೊಂಡರು.

"ಅಂದ್ರೆ ಪ್ರತಿ ವರ್ಷ," ಎಂದು ಗೊಟ್ಲೀಬ್ ಕೇಳಿದ, "ನಾನೊಬ್ಬನೇ ಹೋಗ್ಬೇಕಾ?"

"ಒಬ್ಬನೇ ಎಲ್ಲಿ ಬಂತೋ?" ಎಂದು ಎಲ್ಸ್‌ಬೆತ್ ಬಾಗಿಲಿನಿಂದಲೇ ಗದರಿದಳು. "ನಾವಿಷ್ಟೂ ಜನ ಫೋನಲ್ಲಿರ್ತೀವಲ್ಲ!"