ಹುಣಸೆಮರದವಳ ವಸತಿ

ಕರಿಯಣ್ಣನಿಗೆ ಇದ್ದದ್ದು ಹಿತ್ತಲಿನ ಎಂಟು ತೆಂಗಿನಮರ. ಅವುಗಳ ಪಕ್ಕದಲ್ಲೇ ಅವನದೇ ಒಂದು ಹುಣಸೆಮರ ಮದುವೆ ಚಪ್ಪರದ ಹಾಗೆ ಹರಡಿಕೊಂಡು ಬಿಸಿಲನ್ನೆಲ್ಲ ತಾನೇ ಕುಡಿಯುತ್ತಿತ್ತು. ತೆಂಗಿನಕಾಯಿ ಗಾತ್ರದಲ್ಲಿ ವರ್ಷವರ್ಷಕ್ಕೂ ನಿಂಬೆಹಣ್ಣಿಗೆ ನೆಂಟನಾಗುತ್ತಿತ್ತು. ಹುಣಸೆ ಕೆಡವಿ, ಬಲಿತ ತೆಂಗಿನಕಾಯಿಯನ್ನೂ ಇಳಿಸಿಬಿಡೋಣವೆಂದು, ಮರ ಕಡಿಯುವ, ತೆಂಗು ಹತ್ತುವ ಎರಡೂ ಕೆಲಸದ ಬಾಲರಾಜುವಿಗೆ ಹೇಳಿಕಳಿಸಿದ್ದ.

ತಿಪಟೂರಿನ ಕಾಲೇಜಿಗೆ ಹೊರಟಿದ್ದ ಮೊಮ್ಮಗಳು ವರ್ಷಿಣಿ ಬಾಗಿಲಲ್ಲಿ ನಿಂತಳು.

"ತಾತ, ಹಿಂದೆ ಗ್ರೀಸ್ ದೇಶದಲ್ಲಿ ಮರದೊಳಗೆ ದೇವತೆ ಇರ್ತಿದ್ಲಂತೆ. ಡ್ರಯಡ್ ಅಂತಾರೆ. ಒಬ್ಬ ರಾಜ ಅಂಥ ಮರ ಕಡಿದು, ಹಸಿವಿನ ಶಾಪ ತಟ್ಟಿ, ಕೊನೆಗೆ ತನ್ನ ಮೈನೇ ತಿಂದ್ಕೊಂಡ."

ಬಸ್ಸು ಬಂತು, ಅವಳು ಹೋದಳು. ಮಾತು ಮಾತ್ರ ಮನೆಯಲ್ಲೇ ಉಳಿಯಿತು.

"ಈಗ್ಲೇ ಮೂರು ಮುದ್ದೆ ಉಣ್ತೀರ. ಶಾಪ ಬೇರೆ ತಟ್ಟಿದ್ರೆ ಯಾರು ಬೇಯ್ಸಿ ಹಾಕೋರು?" ಎಂದಳು ಹೆಂಡತಿ ಕೊಲ್ಲಾಪುರಮ್ಮ. "ನಮ್ಮತ್ತೆ ಮಾಡ್ತಿದ್ದಂಗೆ ಅರಿಶಿನ ಕುಂಕುಮ ಇಟ್ಟು, ಹುಣಸೇಲಿರೋ ಅವಳಿಗೆ ಬೇರೆ ಮರ ತೋರ್ಸಿ. ಆಮೇಲೆ ಕಡ್ಸಿ."

"ತೆಂಗು ಬುಟ್ರೆ ನಮಗೆ ಬೇರೆ ಮರ ಎಲ್ಲೈತೆ ಕಣೇ?"

"ಅಕ್ಕಪಕ್ಕದೋರನ್ನ ಕೇಳಿ."

ಪಕ್ಕದ ಮನೆಯ ಮಲ್ಲಿಕಾರ್ಜುನಯ್ಯನಿಗೆ ಬೇವಿನಮರವಿತ್ತು. "ಬೇಕಾದ್ರೆ ಮರನೇ ಕಡ್ಕೊಂಡು ಹೋಗು ಕರಿಯಣ್ಣ, ಒಕ್ಕಲು ಮಾತ್ರ ಇಡಬ್ಯಾಡ. ಮನೇಲಿರೋ ಹೆಂಗಸರ ಮಾತಿಗೇ ಉತ್ತರ ಕೊಡಕ್ಕಾಗ್ತಿಲ್ಲ."

ಎದುರುಮನೆಯ ಕಾಡಸಿದ್ದಪ್ಪ ತನ್ನ ಹೊಂಗೆಮರಕ್ಕೆ ಅಡ್ಡ ನಿಂತ. "ನಮ್ಮಜ್ಜನ ಕಾಲದಿಂದ ಇದ್ರಾಗೆ ಒಬ್ಳು ಅವ್ಳೆ. ಇನ್ನೊಬ್ಬಳನ್ನ ತಂದುಬುಟ್ರೆ ಜಡೆ ಹಿಡ್ಕೋತಾರೆ ಕಣ್ಲಾ."

ಕರಿಯಣ್ಣ ವಾಪಸು ಬರುವಷ್ಟರಲ್ಲಿ ಬಾಲರಾಜುವಿನ ಗರಗಸದ ಮಿಷನ್ನು ಕೆರಳಿದ ಕಣಜದ ಹಾಗೆ ಗುಂಯ್ಗುಡುತ್ತಿತ್ತು. "ಬಿರ್ರನೆ ಹೇಳು ಕರಿಯಣ್ಣ, ಮಧ್ಯಾಹ್ನ ಸಂಪಿಗೆ ಊರಾಗೆ ಕೆಲ್ಸ ಐತೆ."

ಬೇರೆ ದಾರಿ ಕಾಣದೆ ಕರಿಯಣ್ಣ ಹುಣಸೆಯ ಬೊಡ್ಡೆಗೆ ಅರಿಶಿನ ಕುಂಕುಮ ಹಚ್ಚಿ, ತನ್ನ ತೆಂಗಿನ ಸಾಲಿನತ್ತ ಕೈಬೀಸಿದ. "ಬಾರವ್ವ ತಾಯಿ, ಯಾವುದಾದ್ರೂ ಒಂದು ನಿಂದೇ ಅಂದ್ಕೊ."

ಹುಣಸೆ ಉರುಳಿತು. ತೆಂಗಿನ ಮೇಲೆ ಬಿಸಿಲು ಬಿತ್ತು. ಕರಿಯಣ್ಣನಿಗೆ ಎಂದಿನಷ್ಟೇ ಹಸಿವಾಯಿತು. ನಿರಾಳವಾಗಿ, "ಇನ್ನು ಹತ್ತಿ ಕಾಯಿ ಕೀಳಪ್ಪ" ಎಂದ.

ಬಾಲರಾಜು ಹಗ್ಗ ಸುತ್ತಿಡುತ್ತಿದ್ದ. "ಅವಳು ಯಾವ ಮರಕ್ಕೆ ಹೋದ್ಲು?"

"ನಂಗೆಂಗೆ ಗೊತ್ತು? ಎಂಟರಲ್ಲಿ ಒಂದು."

"ಹಂಗಾದ್ರೆ ಎಂಟೂ ಹತ್ತಕ್ಕಿಲ್ಲ ಬುಡು. ಹೆಣ್ಮಗಳ ಮೈಮೇಲೆ ಕಾಲಿಟ್ಟು, ತಲೆಗೆ ಕುಡುಗೋಲು ಹಾಕಕ್ಕಾಗುತ್ತಾ?"

"ಬಂದವ್ಳೆ ಅಂತ ಯಾರ್ ಹೇಳಿದ್ರು?"

"ನೀನೇ ಅರಿಶಿನ ಕುಂಕುಮ ಕೊಟ್ಟು ಕರ್ದ್ಯಲ್ಲ. ಕರೆದ್ರೆ ಯಾರು ಬರಲ್ಲ?"

ಸಂಜೆಯೊಳಗೆ ಸುದ್ದಿ ಸಂಪಿಗೆ ದಾಟಿತ್ತು. ಮರ ಹತ್ತುವ ಒಬ್ಬನೂ ಕರಿಯಣ್ಣನ ಫೋನು ಎತ್ತಲಿಲ್ಲ.

ಕೊಲ್ಲಾಪುರಮ್ಮ ಅಡುಗೆಮನೆಯಿಂದ ಇಣುಕಿದಳು. "ಸಾರಿಗೆ ಕಾಯಿಲ್ಲ. ಮಲ್ಲಿಕಾರ್ಜುನಯ್ಯನ ಮನೇಲಿ ಒಂದು ಇಸ್ಕೊಂಡ್ ಬನ್ನಿ."

ಕರಿಯಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಕಾಯಿ ತುಂಬಿ ನಿಂತ ತನ್ನ ಎಂಟು ಮರಗಳ ಕೆಳಗೇ ಹಾದು, ಒಂದು ತೆಂಗಿನಕಾಯಿ ಕೇಳಲು ಹೊರಟ.