ಅಮ್ಮನವರ ಹೆಸರಿನಲ್ಲಿ ಒಂದು ವ್ಯಾಲೆಟ್

ಇದರ ಮೊದಲ ಪ್ರಸಂಗವನ್ನು ನನಗೆ ಹೇಳಿದವರು ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಮೂವತ್ತು ವರ್ಷದಿಂದ ನನಗೆ ಕ್ಷೌರ ಮಾಡುತ್ತಿರುವ ಸಲೂನಿನವರು. ಉಳಿದವು ನನ್ನ ಕಣ್ಣೆದುರೇ ನಡೆದವು. ಗುರುತು ಪರಿಚಯವಿಲ್ಲದವರು ಫೋನಿನಲ್ಲಿ ಬಂದು ನಿಮ್ಮ ದುಡ್ಡನ್ನು ದುಪ್ಪಟ್ಟು ಮಾಡಿಕೊಡುತ್ತೇವೆ ಎನ್ನುವುದೂ, ನಮ್ಮವರು "ಹೌದಾ?" ಎಂದು ಬಾಯಿ ಬಿಡುವುದೂ ಈಗ ಬೆಳಿಗ್ಗೆ ಹಾಲು ಬಂದಷ್ಟೇ ದಿನನಿತ್ಯದ ಸಂಗತಿ.

ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವನು. ಆ ಹಳ್ಳಿ ಈಗ ಕಲ್ಯಾಣ ನಗರದ ಪಕ್ಕದ ಒಂದು ಬಸ್ ಸ್ಟಾಪು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಮ್ಮ ನಾಲ್ಕು ಬಾಡಿಗೆ ಮನೆಗಳಿವೆ. ದೇವರು ನಡೆಸುತ್ತಿದ್ದಾನೆ. ನಿಧಾನವಾಗಿ ಹೇಳುತ್ತೇನೆ. ಆತುರಪಟ್ಟವರ ಕಥೆಯನ್ನು ನಾನೂ ಆತುರದಲ್ಲಿ ಹೇಳಿದರೆ ಚೆನ್ನಾಗಿರುವುದಿಲ್ಲ.

ಸಿಂಗಪುರದ ತಂಗಿ

ಸಲೂನಿನವರಿಗೆ ಒಂದು ದಿನ ಗೊತ್ತಿಲ್ಲದ ನಂಬರಿನಿಂದ ಮೆಸೇಜು ಬಂತು. "ಹಾಯ್, ನೀವು ಡಾಕ್ಟರ್ ಅಲ್ವಾ?"

"ಅಲ್ಲಮ್ಮ, ಕಟಿಂಗ್ ಶಾಪು."

"ಸಾರಿ, ನಂಬರ್ ತಪ್ಪಾಯ್ತು. ಆದ್ರೆ ನೀವು ಒಳ್ಳೆಯವರ ಥರ ಕಾಣ್ತೀರ."

ಆಕೆ ಸಿಂಗಪುರದವಳಂತೆ. ಆಕೆಯ ಇಂಗ್ಲಿಷನ್ನು ಫೋನೇ ಕನ್ನಡ ಮಾಡಿ ಕೊಡುತ್ತಿತ್ತು. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ, ಮಧ್ಯಾಹ್ನ ಊಟ ಆಯಿತೇ ಎಂಬ ವಿಚಾರಣೆ. ಆಕೆ "ಡಿಯರ್" ಎಂದು ಬರೆದರೆ ಇವರು "ತಂಗಿ" ಎಂದು ಬರೆಯುವರು. ಆಕೆ "ನಿಮ್ಮನ್ನ ನೆನೆಸಿಕೊಂಡರೆ ನಿದ್ದೆ ಬರಲ್ಲ" ಎಂದರೆ ಇವರು "ಮಲಗೋ ಮುಂಚೆ ನೆತ್ತಿಗೆ ಹರಳೆಣ್ಣೆ ಹಚ್ಕೋ ತಂಗಿ" ಎಂದು ಉಪಾಯ ಹೇಳುವರು.

ಮೂರು ವಾರ ಕಳೆದ ಮೇಲೆ ಆಕೆ ತನ್ನ ಮಾವನೊಬ್ಬನ ಸುದ್ದಿ ತೆಗೆದಳು. ಫೋನಿನೊಳಗೇ ಇರುವ ಕ್ರಿಪ್ಟೋ ಎಂಬ ಕಾಯಿನ್ನನ್ನು ಕೊಂಡು ಮಾರಿ ಮೂರು ಬಂಗಲೆ ಕಟ್ಟಿಸಿದವನಂತೆ. "ನೀವೂ ಹಾಕಿ" ಎಂದಳು. ಆಗ ಗೌರಿ ಹಬ್ಬ ಹತ್ತಿರವಿತ್ತು. ಸಲೂನಿನವರು, "ಅದು ಆಮೇಲೆ ನೋಡೋಣ. ಮೊದಲು ಅಡ್ರೆಸ್ ಕೊಡು ತಂಗಿ, ಸೀರೆ, ಬಳೆ, ಬಾಗಿನ ಕಳಿಸ್ತೀನಿ" ಎಂದು ಬರೆದರು.

"ಸೀರೆ ಬೇಡ. ಆ ದುಡ್ಡನ್ನ ಕಾಯಿನ್ ಮಾಡಿ ನನ್ನ ವ್ಯಾಲೆಟ್‌ಗೆ ಹಾಕಿ."

ಸಲೂನಿನವರು ನನ್ನ ಕಿವಿಯ ಪಕ್ಕ ಕತ್ತರಿ ನಿಲ್ಲಿಸಿ ಹೇಳಿದರು: "ಅಲ್ಲೇ ಗೊತ್ತಾಗೋಯ್ತು ಸ್ವಾಮಿ. ಸಿಂಗಪುರ ಆಗ್ಲಿ, ಶಿವಾಜಿನಗರ ಆಗ್ಲಿ, ತವರಿಂದ ಬರೋ ಸೀರೆ ಬೇಡ ಅನ್ನೋ ಹೆಣ್ಣುಮಗಳು ಇನ್ನೂ ಹುಟ್ಟಿಲ್ಲ. ಅದು ಯಾವನೋ ಗಂಡಸೇ. ಬ್ಲಾಕ್ ಮಾಡ್ಬಿಟ್ಟೆ."

ಟೊಮ್ಯಾಟೊ ನಾಮಧೇಯಸ್ಯ

ಇಷ್ಟು ಕೇಳಿ ನಗುತ್ತಾ ಮನೆಗೆ ಬಂದರೆ, ಜಗುಲಿಯ ಮೇಲೆ ನನ್ನ ಹೆಂಡತಿಯ ತಮ್ಮ ಕಾಯುತ್ತಿದ್ದ. ನಮ್ಮ ಊರಮ್ಮನ ದೇವಸ್ಥಾನದ ಕಮಿಟಿಗೆ ನಾನು ಅಧ್ಯಕ್ಷ, ಅವನು ಖಜಾಂಚಿ. ಅಮ್ಮನವರಿಗೆ ಬೆಳ್ಳಿ ಕವಚ ಮಾಡಿಸಬೇಕೆಂದು ಮನೆಮನೆಯಿಂದ ಎತ್ತಿದ ದುಡ್ಡು ಬ್ಯಾಂಕಿನಲ್ಲಿತ್ತು. ಹೂವು ಕಟ್ಟಿ ಮಾರುವ ಮುದುಕಿಯೂ ಅದಕ್ಕೆ ಕೊಟ್ಟಿದ್ದಳು. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯಲ್ಲಿ ಅಳತೆಯನ್ನೂ ಕೊಟ್ಟಾಗಿತ್ತು.

"ಭಾವ, ಅಮ್ಮನ ದುಡ್ಡು ಬ್ಯಾಂಕಲ್ಲಿ ಸುಮ್ನೆ ಮಲಗಿದೆ. ಎರಡು ತಿಂಗಳು ನನ್ನ ಕೈಗೆ ಬಿಡಿ. ಬೆಳ್ಳಿ ಯಾಕೆ, ಚಿನ್ನದ ಕವಚವೇ ಆಗತ್ತೆ."

ಯಾವುದೋ ವಾಟ್ಸಾಪ್ ಗ್ರೂಪಿನಲ್ಲಿ ಇವನಿಗೂ ಕ್ರಿಪ್ಟೋ ಕಂಪನಿಯ ಒಬ್ಬ ಮ್ಯಾನೇಜರ್ ಸಿಕ್ಕಿದ್ದ. ಮುಖ ನೋಡಿಲ್ಲ, ಊರು ಗೊತ್ತಿಲ್ಲ. ಅವನ ಮಾತು ಕೇಳಿ ಫೋನಿಗೆ ಒಂದು ವ್ಯಾಲೆಟ್, ಅಂದರೆ ಆ ಕಾಯಿನ್ನು ಇಡುವ ಪರ್ಸು, ಹಾಕಿಸಿಕೊಂಡು, ಅದರ ಮೂಲಕ ತನ್ನ ಸ್ವಂತದ ಹತ್ತು ಸಾವಿರವನ್ನು ಅವನ ಕಂಪನಿಗೆ ಕಳಿಸಿದ್ದ. ಫೋನಿನ ಪರದೆಯ ಮೇಲೆ ಅದು ಹದಿನೆಂಟು ಸಾವಿರವಾಗಿ ಹೊಳೆಯುತ್ತಿತ್ತು.

"ಫೋನು ಕಳೆದುಹೋದರೆ ಏನಪ್ಪ ಗತಿ?" ಎಂದೆ.

"ಹನ್ನೆರಡು ಇಂಗ್ಲಿಷ್ ಪದ ಕೊಟ್ಟಿದಾರೆ ಭಾವ. ಅದಿದ್ರೆ ಯಾವ ಫೋನಲ್ಲಾದ್ರೂ ವ್ಯಾಲೆಟ್ ತೆಗೀಬಹುದು. ಚೀಟೀಲಿ ಬರೆದು ಭದ್ರವಾದ ಜಾಗದಲ್ಲಿ ಇಟ್ಟಿದೀನಿ. ಅಮ್ಮನ ಪಾದದ ಹತ್ರ."

ಭದ್ರವಾದ ಜಾಗವೇ, ಅನುಮಾನವಿಲ್ಲ. ಆದರೆ ಶುಕ್ರವಾರ ಅರ್ಚನೆಗೆ ಹೆಸರು ಬರೆದ ಚೀಟಿಗಳೂ ಅಲ್ಲೇ ಬರುತ್ತವೆ. ನಮ್ಮ ಪೂಜಾರಿಗಳು ಚೀಟಿಯಲ್ಲಿ ಏನಿದೆಯೋ ಅದನ್ನು ಓದುವವರೇ ಹೊರತು ಯೋಚಿಸುವವರಲ್ಲ. ಆ ಶುಕ್ರವಾರ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು:

"ಅಂಬ್ರೆಲಾ ನಾಮಧೇಯಸ್ಯ, ಟೊಮ್ಯಾಟೊ ನಾಮಧೇಯಸ್ಯ, ಲ್ಯಾಡರ್ ನಾಮಧೇಯಸ್ಯ, ಅಂಕಲ್ ನಾಮಧೇಯಸ್ಯ..."

ಹನ್ನೆರಡೂ ಮುಗಿದು, "ಸಹಕುಟುಂಬಾನಾಂ ಕ್ಷೇಮ ಸ್ಥೈರ್ಯ" ಎನ್ನುವ ಹೊತ್ತಿಗೆ ನನ್ನ ಭಾವಮೈದ ಕಂಬ ಹಿಡಿದು ಕೂತಿದ್ದ.

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಹಲಸೂರಿನವಳು, ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ. ಮೈಕು ಕೇಳಿ ಮೆಟ್ಟಿಲು ಇಳಿದು ಓಡಿಬಂದಳು. "ಅಂಕಲ್, ಆ ಹನ್ನೆರಡು ಪದ ವ್ಯಾಲೆಟ್ಟಿನ ಬೀಗದ ಕೈ ಇದ್ದಂಗೆ! ಯಾರಿಗೂ ಹೇಳ್ಬಾರ್ದು. ಯಾರಾದ್ರೂ ಕೇಳಿದ್ರೆ ಕಳ್ರು ಅಂತಾನೇ ಅರ್ಥ." ಗುರುಗಳು ಕಿವಿಯಲ್ಲಿ ಉಪದೇಶಿಸಿದ ಮಂತ್ರದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಅವಳೇ ಕೂತು ಹೊಸ ವ್ಯಾಲೆಟ್ಟು, ಹೊಸ ಹನ್ನೆರಡು ಪದ ಮಾಡಿಕೊಟ್ಟಳು. ಈ ಸಲದ ಚೀಟಿ ಅವನ ಜೇಬು ಸೇರಿತು.

ಪ್ರಸಾದ ತೆಗೆದುಕೊಳ್ಳುವಾಗ ಹೂವಿನ ಮುದುಕಿ ನನ್ನ ಹೆಂಡತಿಯನ್ನು ಕೇಳಿದಳಂತೆ: "ಈ ಟೊಮ್ಯಾಟೊ ಅನ್ನೋರು ಹೊಸದಾಗಿ ಬಂದಿರೋ ಬಾಡಿಗೆಯೋರಾ? ಪಾಪ, ಅಷ್ಟು ದೊಡ್ಡ ಸಂಸಾರ, ಒಬ್ಬರೂ ಮಂಗಳಾರತಿಗೆ ಬರಲಿಲ್ಲ."

ವಾಪಸ್ ಬಾರದ ಹದಿನೆಂಟು

ಆ ಹುಡುಗಿ ಹೋಗುವ ಮುಂಚೆ ಒಂದು ಮಾತು ಹೇಳಿದಳು. "ಅಂಕಲ್, ಅಮ್ಮನ ದುಡ್ಡು ಹಾಕೋ ಮೊದಲು, ಆ ಹದಿನೆಂಟು ಸಾವಿರ ಕೈಗೆ ಬರತ್ತಾ ಅಂತ ಕೇಳಿ ನೋಡಿ."

ಭಾವಮೈದ ಅವಳೆದುರೇ ಫೋನು ಮಾಡಿ ಕೇಳಿದ. ಮ್ಯಾನೇಜರ್ ಹೇಳಿದ: "ಖಂಡಿತ ಕೊಡ್ತೀವಿ ಸರ್. ಮೊದಲು ಆರು ಸಾವಿರ ಟ್ಯಾಕ್ಸ್ ಕಟ್ಟಿ."

"ಅವರ ಹತ್ತಿರವೇ ಹದಿನೆಂಟು ಇದೆಯಲ್ಲ, ಅದರಲ್ಲೇ ಆರು ಮುರಿದುಕೊಂಡು ಹನ್ನೆರಡು ಕೊಡಲಿ" ಎಂದೆ ನಾನು. ಲೆಕ್ಕ ಏಳನೆಯ ತರಗತಿಯದೇ.

"ಅಂಗೆ ಆಗಲ್ಲಂತೆ ಭಾವ, ರೂಲ್ಸು."

ಹುಡುಗಿ ಹಣೆ ಚಚ್ಚಿಕೊಂಡಳು. "ಅಣ್ಣಾ, ಇದು ಮೋಸ! ನಿಮ್ಮ ದುಡ್ಡು ನಿಮಗೆ ಕೊಡೋಕೆ ನಿಮ್ಮ ಹತ್ರಾನೇ ಮತ್ತೆ ದುಡ್ಡು ಕೇಳ್ತಾರಾ?"

ನನ್ನ ಭಾವಮೈದ ಬಹಳ ಗಂಭೀರವಾಗಿ ಹೇಳಿದ: "ನೀನು ಚಿಕ್ಕವಳಮ್ಮ. ನಾನು ಕಾರ್ಪೊರೇಷನ್ ಆಫೀಸಿಗೆ ಅಲೆದು ಸೈಟಿನ ಖಾತೆ ಮಾಡಿಸ್ಕೊಂಡಿದೀನಿ. ಇಷ್ಟು ಸತಾಯಿಸ್ತಿದಾರೆ ಅಂದ್ರೆ ಕಂಪನಿ ಅಸಲೀನೇ."

ಮೇಡಂ ಜೊತೆ ಮಾತು

ಮಂಗಳವಾರ ಬೆಳಿಗ್ಗೆ ಅವನು ಏದುಸಿರು ಬಿಡುತ್ತಾ ಬಂದ. ಮ್ಯಾನೇಜರ್ ಒಂದೇ ಗಂಟೆಯ ಗಡುವು ಕೊಟ್ಟಿದ್ದಾನಂತೆ. ಅಷ್ಟರೊಳಗೆ ದೊಡ್ಡ ಮೊತ್ತ ಹಾಕಿದರೆ ಮೂರು ಪಟ್ಟು, ಇಲ್ಲದಿದ್ದರೆ ಆ ಹದಿನೆಂಟೂ ಇಲ್ಲ. ದೇವಸ್ಥಾನದ ಖಾತೆಯಿಂದ ದುಡ್ಡು ಕದಲಬೇಕಾದರೆ ಓಟಿಪಿ ಬರುವುದು ನನ್ನ ಫೋನಿಗೆ.

"ಭಾವ, ಆ ನಂಬರ್ ಒಂದು ಹೇಳ್ಬಿಡಿ, ಸಾಕು."

ಆಗುವುದಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಹೆಂಡತಿಯ ತಮ್ಮ. ಅಮ್ಮನಿಗೆ ಚಿನ್ನ ಬರುವುದನ್ನು ಭಾವನೇ ತಪ್ಪಿಸಿದ ಎಂಬ ಮಾತು ಸಾಯುವವರೆಗೂ ಅಡುಗೆಮನೆಯಲ್ಲಿ ಉಳಿಯುತ್ತದೆ. "ದುಡ್ಡು ನಿಂದಲ್ಲ, ನಂದಲ್ಲ. ಅಮ್ಮನನ್ನೇ ಕೇಳೋಣ. ಹೂವು ಬಲಗಡೆ ಬಿದ್ದರೆ ಓಟಿಪಿ ಹೇಳುತ್ತೇನೆ" ಎಂದುಬಿಟ್ಟೆ. ಅಂದಮೇಲೆ ಹಿಂದೆಗೆಯುವ ಹಾಗಿರಲಿಲ್ಲ. ಕೊಟ್ಟ ಮಾತು, ಅದೂ ಅಮ್ಮನ ಹೆಸರಿನಲ್ಲಿ.

ಪೂಜಾರಿಗಳು ಹೂವಿನ ಎಸಳು ನೀರಿನಲ್ಲಿ ಅದ್ದಿ ಅಮ್ಮನವರ ಎರಡೂ ಭುಜಕ್ಕೆ ಅಂಟಿಸಿದರು. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಪ್ರಶ್ನೆ ಇಟ್ಟರು. ಕೈಮುಗಿದು ನಿಂತೆವು. ಐದು ನಿಮಿಷ, ಹತ್ತು ನಿಮಿಷ. ಒಂದೂ ಕದಲಲಿಲ್ಲ.

ಫೋನ್ ಬಂತು. ಭಾವಮೈದ ಸ್ಪೀಕರ್ ಹಾಕಿದ. ಆತನದು ಹಿಂದಿಯೂ ಇಂಗ್ಲಿಷೂ ಕಲೆಸಿದ ಮಾತು.

"ಸರ್, ಸ್ಟೇಟಸ್?"

"ಅಪ್ರೂವಲ್ ಪೆಂಡಿಂಗ್ ಸರ್. ಅಮ್ಮನವರು ಹೇಳ್ಬೇಕು."

"ಅಮ್ಮ ಯಾರು? ಅವರ ಹತ್ರ ಎಷ್ಟಿದೆ?"

"ಎಲ್ಲಾ ಅವರದೇ ಸರ್."

ಆ ಕಡೆ ದನಿಯೇ ಬದಲಾಯಿತು. "ಫೋನ್ ಮೇಡಂಗೆ ಕೊಡಿ, ನಾನೇ ಮಾತಾಡ್ತೀನಿ."

ಪೂಜಾರಿಗಳು ಫೋನನ್ನು ತೆಗೆದು ತಟ್ಟೆಯಲ್ಲಿಟ್ಟು ಗರ್ಭಗುಡಿಯ ಹೊಸ್ತಿಲ ಮೇಲೆ ಇಟ್ಟರು. ಆತ ಹತ್ತು ನಿಮಿಷ ಅಮ್ಮನವರಿಗೆ ಕ್ರಿಪ್ಟೋ ವಿವರಿಸಿದ. "ಮೇಡಂ, ರಿಸ್ಕೇ ಇಲ್ಲ. ಮೇಡಂ, ನಿಮ್ಮ ವಯಸ್ಸಿನೋರು ತುಂಬಾ ಜನ ಹಾಕಿದಾರೆ. ಮೇಡಂ, ಕೇಳಿಸ್ತಿದೆಯಾ?" ಅಮ್ಮನವರು ಎಂದಿನಂತೆ ಮುಗುಳ್ನಗುತ್ತಿದ್ದರು.

ಕೊನೆಗೆ ಆತ, "ಸರಿ ಸರ್, ಮೇಡಂಗೆ ನಂಬಿಕೆ ಬರ್ಲಿ, ನಾನೇ ಬೋನಸ್ ಹಾಕ್ತೀನಿ. ನಿಮ್ಮ ವ್ಯಾಲೆಟ್ಟಿನ ಹನ್ನೆರಡು ಪದ ಓದಿ" ಎಂದ. ಭಾವಮೈದನ ಕೈ ಜೇಬಿಗೆ ಹೋಯಿತು. ನಾನು ಆ ಜೇಬಿನ ಮೇಲೆ ನನ್ನ ಕೈ ಇಟ್ಟೆ. ಮಹಡಿ ಮನೆಯ ಹುಡುಗಿ ಹೇಳಿದ್ದು ಅವನಿಗೂ ಆಗ ನೆನಪಾಯಿತೆಂದು ಕಾಣುತ್ತದೆ. ಕೈ ಜೇಬಿನಲ್ಲೇ ನಿಂತಿತು.

ಆಗ ಪೂಜಾರಿಗಳು ತಟ್ಟೆಯ ಕಡೆ ಬಗ್ಗಿ ಅಚ್ಚ ಕನ್ನಡದಲ್ಲಿ ಹೇಳಿದರು: "ಇಷ್ಟೊತ್ತು ಅಮ್ಮನ ಮುಂದೆ ಬೇಡ್ಕೊಂಡಿದೀಯ ಕಣಪ್ಪ. ದೇವಸ್ಥಾನಕ್ಕೆ ಬಂದೋನು ಬರಿಗೈಲಿ ಹೋಗ್ಬಾರ್ದು. ಹೆಸರು, ನಕ್ಷತ್ರ ಹೇಳು, ಅರ್ಚನೆ ಮಾಡ್ತೀನಿ. ಅಪ್ಪ ಅಮ್ಮ ಇಟ್ಟ ಹೆಸರೇ ಹೇಳು. ಸುಳ್ಳು ಹೆಸರಲ್ಲಿ ಪೂಜೆ ಮಾಡಿಸಿದ್ರೆ ತಿರುಗಿ ಹೊಡಿಯತ್ತೆ."

ಆಮೇಲೆ ಅದೇ ಫೋನಿನಿಂದ ಸಣ್ಣ ದನಿಯಲ್ಲಿ, ನಮ್ಮ ನಿಮ್ಮಂಥದೇ ಕನ್ನಡ ಬಂತು.

"ಹೆಸರು ಬೇಡ ಸ್ವಾಮಿ... ಭರಣಿ ನಕ್ಷತ್ರ. ನಮ್ಮವ್ವಂಗೆ ಮಂಡಿ ನೋವು, ಅವರಿಗೂ ಒಂದು ಮಾಡ್ಬಿಡಿ. ಪ್ರಸಾದ ಕೊರಿಯರ್ ಮಾಡ್ತೀರಾ?"

"ಮಾಡ್ತೀವಲ್ಲ. ಅಡ್ರೆಸ್ ಹೇಳು."

"ಬರ್ಕೊಳ್ಳಿ. ಕೆ.ಆರ್. ಪುರಂ, ಸಂತೆ ಬೀದಿ ಹಿಂ..."

ಟಕ್ ಎಂದು ಫೋನ್ ಕಟ್ಟಾಯಿತು. ಅದೇ ಕ್ಷಣ, ಅಮ್ಮನವರ ಬಲ ಭುಜದ ಹೂವು ಪಟ್ಟನೆ ಬಿತ್ತು.

ಬಲಗಡೆ! ಮಾತು ಕೊಟ್ಟವನು ನಾನು. ಭಾವಮೈದನೂ ಹೆದರಿ, "ಭಾವ, ಅಮ್ಮ ಹಾಕು ಅಂತಿದಾಳಾ? ಈಗ ಯಾರಿಗೆ ಹಾಕೋದು?" ಎಂದು ತೊದಲಿದ.

ಪೂಜಾರಿಗಳು ಹೂವನ್ನೆತ್ತಿ ಕಣ್ಣಿಗೊತ್ತಿಕೊಂಡು ನಿಧಾನವಾಗಿ ಹೇಳಿದರು: "ಅವನಿಗೆ ಹಾಕ್ಲಾ ಅಂತ ನಾನು ಕೇಳೇ ಇಲ್ಲಪ್ಪ. ಖಜಾಂಚೀನ ಬದಲಾಯಿಸ್ಲಾ ಅಂತ ಕೇಳಿದ್ದೆ."

ಕವಚ ಬೆಳ್ಳಿಯದೇ ಆಯಿತು, ಅಮ್ಮನವರ ಮೈಮೇಲೆ ಚೆನ್ನಾಗಿ ಒಪ್ಪಿದೆ. ಈಗಿನ ಖಜಾಂಚಿ ಆ ಮಹಡಿ ಮನೆಯ ಹುಡುಗಿ. ಹತ್ತು ಸಾವಿರಕ್ಕೆ ಪೊಲೀಸರಲ್ಲಿ ದೂರು ಬರೆಸಿದವಳೂ ಅವಳೇ. ನೀವು ಓದಿ ನಕ್ಕಿದ್ದರೆ ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಹೊಸ ಫೋನು ಕೊಂಡ ಒಬ್ಬ ಭಾವಮೈದ ನಿಮ್ಮ ಮನೆಯಲ್ಲೂ ಇದ್ದೇ ಇರುತ್ತಾನೆ. ಇವತ್ತೇ ಅವನನ್ನು ಕೂರಿಸಿ, ಒಂದು ಲೋಟ ಕಾಫಿ ಕೊಟ್ಟು, ಹೇಳಿ.